ಗಂಗಯ್ಯ ಒತ್ತುತ್ತಿದ್ದ ಗುಂಡಿ

ಬೈಲಹೊಂಗಲದ ಮಾರುಕಟ್ಟೆಯಲ್ಲಿ ಹತ್ತಿಯ ಹರಾಜಿನ ಸವಾಲು ಕೂಗುತ್ತಿದ್ದ ಗಂಗಯ್ಯನ ಗಂಟಲು ಎಂಥದೆಂದರೆ, ಅವನು ಅಲ್ಲಿ ದರ ಏರಿಸಿದರೆ ಧಾರವಾಡದ ಬಸ್ಸಿಗೆ ಕಾದು ನಿಂತವರು ಇಲ್ಲಿ ತಿರುಗಿ ನೋಡುತ್ತಿದ್ದರು. ನಾನೇನೂ ಉಬ್ಬಿಸಿ ಹೇಳುತ್ತಿಲ್ಲ. ನಾನು ದೇವಕ್ಕ, ಅವರ ಪಕ್ಕದ ಮನೆಯವಳು, ನಡುವೆ ಒಂದೇ ಗೋಡೆ. ಜಂಪರು ಹೊಲಿಯುತ್ತ ಕೂತರೆ ಅವರ ಸಾರಿಗೆ ಒಗ್ಗರಣೆ ಬಿದ್ದದ್ದೂ ನನಗೆ ಕೇಳುತ್ತದೆ. ಮಂದಿ ಮನೆಯ ಸುದ್ದಿ ನಿನಗೇಕೆ ಎನ್ನುವವರು ಎನ್ನಲಿ. ಗೋಡೆ ತೆಳ್ಳಗಿದ್ದರೆ ಅದು ಕಟ್ಟಿದವನ ತಪ್ಪು.

ಅಂಥ ಗಂಟಲಿನ ಮನುಷ್ಯ ಮನೆಯಲ್ಲಿ ಹೆಂಡತಿಯನ್ನು ಒಮ್ಮೆಯೂ ಹೆಸರು ಹಿಡಿದು ಕರೆದವನಲ್ಲ. ನಮ್ಮ ಕಡೆ ಆ ಕಾಲದವರು ಹಾಗೆಯೇ. ಗಂಡ ಹೆಂಡತಿಯ ಹೆಸರು ಎತ್ತುವುದಿಲ್ಲ, ಹೆಂಡತಿ ಗಂಡನ ಹೆಸರು ಎತ್ತುವುದಿಲ್ಲ. ಕೆಲವರು ಮಗಳ ಹೆಸರು ಕೂಗಿ ತಾಯಿಯನ್ನು ಬರಮಾಡಿಕೊಳ್ಳುತ್ತಾರೆ. ಗಂಗಯ್ಯ ಅದನ್ನೂ ಮಾಡುತ್ತಿರಲಿಲ್ಲ. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಂದು ಕೆಮ್ಮು, ಸ್ವಲ್ಪ ತಡೆದು ಇನ್ನೊಂದು, ಅಷ್ಟೆ. ಒಳಗೆ ಹಿಟ್ಟು ನಾದುತ್ತಿದ್ದ ಗುರುಬಸವ್ವ ಕೈ ತೊಳೆದು ನೀರಿನ ತಂಬಿಗೆ ಹಿಡಿದು ಬಂದುಬಿಡುತ್ತಿದ್ದಳು. ಮೂಗರ ಸಂಸಾರ ಎಂದು ನಾನು ಛೇಡಿಸಿದರೆ, “ನಮಗ ಅಷ್ಟ ಸಾಕವ್ವಾ,” ಎಂದು ನಗುತ್ತಿದ್ದಳು.

ಎರಡು ಸಾವಿರದ ಮೂರನೇ ಇಸವಿಯ ಸುಗ್ಗಿಯಲ್ಲಿ ಗಂಗಯ್ಯ ಸವಾಲು ಕೂಗುತ್ತ ಕೂಗುತ್ತಲೇ ಕುಸಿದ. ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದವು. ಮಾತು ಪೂರ್ತಿ ಹೋಯಿತು, ಕೆಮ್ಮಿದರೂ ಬರೀ ಉಸಿರು. ಡಾಕ್ಟರು ಮನೆಗೆ ಕಳಿಸುವಾಗ, “ಇನ್ನ ಮ್ಯಾಲೆ ಸಣ್ಣ ಕೂಸಿನಂಗ ಮಾಡಬಹುದ್ರಿ, ನೀವ ತಾಳ್ಕೊಂಡು ಹೋಗಬೇಕು,” ಎಂದಿದ್ದರು. ಆ ಮಾತು ತಾಯಿ ಮಗಳ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ನನ್ನನ್ನು ಕೇಳಿದರೆ ಕೆಡಿಸಿದ್ದೇ ಆ ಮಾತು.

ಮಂಚವನ್ನು ಪಡಸಾಲೆಯಲ್ಲಿ ಹಾಕಿದರು, ಮಗಳು ಶೀತಲಳ ಕಂಪ್ಯೂಟರಿನ ಮಗ್ಗುಲಿಗೆ. ಆ ಹುಡುಗಿ ಮನೆಯಲ್ಲೇ ಲಗ್ನಪತ್ರಿಕೆ, ಸಾಲೆಗಳ ಪ್ರಶ್ನೆಪತ್ರಿಕೆ ಟೈಪ್ ಮಾಡಿಕೊಡುತ್ತಿದ್ದಳು. ಕರೆಂಟ್ ಇರುವಷ್ಟು ಹೊತ್ತೂ ಕಂಪ್ಯೂಟರು ಗುಂಯ್ಯೆನ್ನುತ್ತಲೇ ಇರುತ್ತಿತ್ತು. ಅಪ್ಪನಿಗೆ ಕರೆಯಲು ಬೇಕಾಗುತ್ತದೆಂದು ಮಂಚಕ್ಕೊಂದು ಹಿತ್ತಾಳೆ ಗಂಟೆ ಕಟ್ಟಿದಳು. ಗಂಗಯ್ಯ ಎಡಗೈಯಿಂದ ಅದನ್ನು ಕಿತ್ತು ಅಂಗಳಕ್ಕೆ ಎಸೆದ. ಪೇಟೆಯನ್ನೆಲ್ಲ ಕೂಗಿ ಕುಣಿಸಿದವನಿಗೆ ಎತ್ತಿಗೆ ಕಟ್ಟಿದ ಹಾಗೆ ಗಂಟೆ ಕಟ್ಟಿದರೆ ಸಿಟ್ಟು ಬಾರದೇ ಇರುತ್ತದೆಯೇ? ನನಗಾದರೂ ಬರುತ್ತಿತ್ತು.

ಆಮೇಲೆ ಅವನೇ ಒಂದು ದಾರಿ ಹುಡುಕಿಕೊಂಡ. ಮಂಚದಿಂದ ಎಡಗೈ ಚಾಚಿದರೆ ಕೀಬೋರ್ಡಿನ ಬಲತುದಿ ಸಿಗುತ್ತಿತ್ತು. ಅಲ್ಲಿ ಅಂಕಿಗಳ ಮೇಲಿನ ಮೂಲೆಯಲ್ಲಿ ಒಂದು ಗುಂಡಿ, ಒತ್ತಿದರೆ ಹಸಿರು ದೀಪ ಹತ್ತುತ್ತದೆ, ಇನ್ನೊಮ್ಮೆ ಒತ್ತಿದರೆ ಆರುತ್ತದೆ. ಒಂದು ದಿನ ಅದನ್ನು ಹಾಗೇ ಒತ್ತಿ ಹಿಡಿದಿದ್ದಾನೆ. ಹಾಗೆ ಹಿಡಿದರೆ ಆ ಯಂತ್ರಕ್ಕೆ ಏನೋ ಆಗುತ್ತದಂತೆ, ಅಂದಿನಿಂದ ಆ ಗುಂಡಿ ಮುಟ್ಟಿದಾಗಲೆಲ್ಲ ಕಂಪ್ಯೂಟರಿನ ಡಬ್ಬಿಯೊಳಗಿಂದ ‘ಕುಂಯ್’ ಎಂದು ಸದ್ದು. ಗಂಗಯ್ಯ ಒಮ್ಮೆ ಒತ್ತುವನು, ಸ್ವಲ್ಪ ತಡೆದು ಇನ್ನೊಮ್ಮೆ ಒತ್ತುವನು.

ಅವನು ಹೆಂಡತಿಯನ್ನು ಕರೆಯುತ್ತಿದ್ದ. ನಿಮಗೆ ಇದನ್ನು ಈಗಲೇ ಹೇಳಿಬಿಡುತ್ತೇನೆ, ಅವರಿಗೆ ತಿಳಿದದ್ದು ಕೈ ಮೀರಿದ ಮೇಲೆ. ಜಗತ್ತಿನಲ್ಲಿ ಅವನಿಗೆ ಉಳಿದದ್ದು ಅದೊಂದೇ ಸದ್ದು. ಗೋಡೆಯ ಈಚೆ ಕೂತ ನನಗೂ ಅದು ಬರೀ ಕಿರಿಕಿರಿಯಾಗಿಯೇ ಕೇಳಿತ್ತು.

ತಮಾಷೆಯೆಂದರೆ ಅದರಿಂದ ಅವನ ಕೆಲಸ ಆಗುತ್ತಿತ್ತು. ಕುಂಯ್ ಎಂದೊಡನೆ ಗುರುಬಸವ್ವ ಒಳಗಿನಿಂದ ಬರುತ್ತಿದ್ದಳು, ಬೈಯುತ್ತಲೇ ಬರುತ್ತಿದ್ದಳು. “ಏನ್ರೀ ಇದು, ಕೈ ತಗೀರಿ ಅಲ್ಲಿಂದ. ಸಣ್ಣ ಹುಡುಗರಂಗ ಮಾಡತೀರಲ್ಲ,” ಎಂದು ಕೈ ಎತ್ತಿ ಹಾಸಿಗೆಯ ಮೇಲಿಡುವಳು. ಬಂದವಳು ಹೇಗೂ ಬಂದಿದ್ದಾಳಲ್ಲ, ನೀರು ಕುಡಿಸುವಳು, ದಿಂಬು ಸರಿಮಾಡುವಳು. ಗಂಗಯ್ಯನ ಮುಖ ಅರಳುತ್ತಿತ್ತು. ಅದನ್ನೂ ಅವಳು ಕೂಸಿನ ನಗು ಎಂದುಕೊಂಡಳು.

ಶೀತಲಳ ತಾಪತ್ರಯ ಬೇರೆ. ಆ ಗುಂಡಿ ಒತ್ತಿ ದೀಪ ಆರಿತೆಂದರೆ ಆ ಬದಿಯ ಅಂಕಿಗಳು ಬೀಳುತ್ತಿರಲಿಲ್ಲ. ಮುಹೂರ್ತದ ತಾಸು ಟೈಪ್ ಮಾಡಲು ಹೋದರೆ ಪರದೆಯ ಮೇಲೆ ಮಿಣುಕುವ ಗೆರೆ ಎಲ್ಲೆಲ್ಲೋ ಓಡಿ, ವರನ ಸೋದರಮಾವನ ಹೆಸರಿನ ನಡುವೆ ಹೋಗಿ ನಿಲ್ಲುತ್ತಿತ್ತು. “ಅಪ್ಪಾ, ನಿನ್ನ ಕಾಲ ಬೀಳತೇನಿ,” ಎಂದು ಅವಳೂ ಗೋಗರೆದಳು. ಅವನು ಕೇಳಲಿಲ್ಲ. ಹೇಗೆ ಕೇಳುತ್ತಾನೆ?

ಕೊನೆಗೆ ಕಂಪ್ಯೂಟರ್ ರಿಪೇರಿಯ ಗೌರೀಶನನ್ನು ಕರೆಸಿದರು. ಅವತ್ತು ನಾನು ಅಲ್ಲೇ ಇದ್ದೆ, ಕಾಜಾ ಮಾಡಿದ ಜಂಪರು ಕೊಡಲು ಹೋಗಿದ್ದೆ. ಗಂಗಯ್ಯ ಮಂಚದ ಮೇಲೆ ಕಣ್ಣು ತೆರೆದೇ ಮಲಗಿದ್ದ. ಅವನೊಬ್ಬ ಮನುಷ್ಯ ಅಲ್ಲಿದ್ದಾನೆ ಎಂಬ ಅರಿವೇ ಇಲ್ಲದವರ ಹಾಗೆ ಅವನ ತಲೆಯ ಮೇಲೆಯೇ ಮಾತು ನಡೆಯಿತು.

“ಗೌರೀಶಾ, ಉಳಿದದ್ದು ಆಮ್ಯಾಲ ನೋಡು. ಮೊದಲ ಆ ಕುಂಯ್ ಕುಂಯ್ ಬಂದ್ ಮಾಡಿಕೊಡು,” ಎಂದಳು ಗುರುಬಸವ್ವ. “ಪೂಜಿಗೆ ಕುಂತರ ಬಿಡೂದಿಲ್ಲ, ಊಟಕ್ಕ ಕುಂತರ ಬಿಡೂದಿಲ್ಲ. ಆ ಸದ್ದು ಕೇಳಿದರ ನನಗ ಮೈ ಉರೀತೈತಿ.”

“ಅದೇನ ದೊಡ್ಡದಲ್ರಿ ಅವ್ವಾರ. ಒಂದ ವಾಯರ್ ಕಿತ್ತರ ಮುಗೀತು,” ಎಂದು ಗೌರೀಶ ಡಬ್ಬಿಯ ಬಾಗಿಲು ತೆಗೆದು, ಒಳಗೆ ಕೈ ಹಾಕಿ, ಒಂದು ಸಣ್ಣ ವಾಯರು ಕಿತ್ತ. ಗುಂಡಿ ಒತ್ತಿ ನೋಡಿದ. ದೀಪ ಹತ್ತಿತು, ಸದ್ದಿಲ್ಲ. ಚಹಾ ಕುಡಿದು ಹೋದ.

ಮೈ ಉರಿಯುತ್ತದೆ ಎಂದದ್ದನ್ನು ಗಂಗಯ್ಯ ಕೇಳಿಸಿಕೊಂಡ. ಬಾಯಿ ಹೋಗಿತ್ತೇ ಹೊರತು ಅವನ ಕಿವಿಗೆ ಏನೂ ಆಗಿರಲಿಲ್ಲ.

ಮನೆ ತಣ್ಣಗಾಯಿತು. ಗುರುಬಸವ್ವ ಪೂಜೆ ಮುಗಿಸಿ, ಊಟ ಮುಗಿಸಿ, ಹಿತ್ತಲಲ್ಲಿ ಅಕ್ಕಿ ಆರಿಸುತ್ತ ಕೂತಳು. “ಈಗ ಜೀವಕ್ಕ ಸಮಾಧಾನ ನೋಡು,” ಎಂದು ಗೋಡೆಯ ಮೇಲಿಂದ ನನಗೆ ಹೇಳಿದಳು. ಹೊತ್ತು ಹೊತ್ತಿಗೆ ಗಂಡನಿಗೆ ಉಣ್ಣಿಸುವುದು, ತೊಳೆಯುವುದು ಯಾವುದನ್ನೂ ಅವಳು ತಪ್ಪಿಸಿದವಳಲ್ಲ, ಅದನ್ನು ಇಲ್ಲಿ ಹೇಳಲೇಬೇಕು. ಆದರೆ ನಡುನಡುವೆ ಬರುವ ಕಾರಣ ಹೋಯಿತು.

ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಒಣಗಿದ ಬಟ್ಟೆ ಎತ್ತಿಕೊಂಡು ನಡುಮನೆಗೆ ಬಂದ ಗುರುಬಸವ್ವ ಬಾಗಿಲ ಮರೆಯಲ್ಲೇ ನಿಂತಳು. ಶೀತಲ ಮನೆಯಲ್ಲಿರಲಿಲ್ಲ. ಗಂಗಯ್ಯ ಕೈ ಚಾಚಿ ಸದ್ದಿಲ್ಲದ ಆ ಗುಂಡಿ ಒತ್ತಿದ, ಹಸಿರು ದೀಪ ಹತ್ತಿತು. ಅವನು ಕತ್ತು ಹೊರಳಿಸಿ ಅಡುಗೆಮನೆಯ ದಾರಿ ನೋಡಿದ. ಯಾರೂ ಬರಲಿಲ್ಲ. ಮತ್ತೆ ಒತ್ತಿದ, ಮತ್ತೆ ಕತ್ತು ಹೊರಳಿಸಿ ಕಾದ. ಒಂದು, ಸ್ವಲ್ಪ ತಡೆದು ಇನ್ನೊಂದು. ಹೊಸ್ತಿಲಿನಿಂದ ಅಷ್ಟು ವರ್ಷ ಕೇಳಿದ್ದನ್ನು ಗುರುಬಸವ್ವ ಈಗ ಕಣ್ಣಿನಿಂದ ನೋಡಿದಳು. ಬಟ್ಟೆಯೆಲ್ಲ ಕೈಯಿಂದ ಜಾರಿತು.

ಓಡಿಹೋಗಿ ಮಂಚದ ಬದಿಗೆ ಕುಸಿದು, “ನನ್ನ ಕರಿಯಾಕ ಹತ್ತಿದ್ರೇನ್ರೀ?” ಎಂದಳು.

ಗಂಗಯ್ಯ ಅವಳನ್ನು ನೋಡಿದ. ಕೈಯನ್ನು ಗುಂಡಿಯಿಂದ ತೆಗೆದು ಚಾದರದೊಳಗೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದ. ಅವಳು ಎಷ್ಟು ಹೊತ್ತು ಅತ್ತಳೆಂದರೆ, ಏನಾಯಿತೋ ಎಂದು ನಾನು ಮಷಿನ್ ನಿಲ್ಲಿಸಿ ಓಡಿದೆ.

ಗೌರೀಶನಿಗೆ ಹೇಳಿಕಳಿಸಿದರೆ ಆ ಪುಣ್ಯಾತ್ಮ ಎಂ.ಕೆ. ಹುಬ್ಬಳ್ಳಿಯಲ್ಲಿ ಯಾರಿಗೋ ಹೊಸ ಕಂಪ್ಯೂಟರ್ ಕೂಡಿಸಲು ಹೋಗಿದ್ದ. ಬರುವವರೆಗೆ ಗುರುಬಸವ್ವ ಬೀದಿಬಾಗಿಲಲ್ಲೇ ಕಾದಳು. ಗೌರೀಶ ಬಂದು ಕಿತ್ತ ವಾಯರನ್ನು ಸಿಕ್ಕಿಸಿದ. ಕುಂಯ್ ಎಂದಿತು. ಅವಳು ಗಂಡನ ಎಡಗೈ ಹಿಡಿದು ತಾನೇ ಗುಂಡಿಯ ಮೇಲಿಟ್ಟಳು. “ಕರೀರಿ. ನೂರು ಸಲ ಕರೀರಿ, ನಾ ಬರತೇನಿ,” ಎಂದಳು. ಅವನು ಮೆತ್ತಗೆ ಕೈ ಬಿಡಿಸಿಕೊಂಡ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು, ಗಂಟೆಯ ಹಾಗೆ ಕೀಬೋರ್ಡನ್ನೂ ಕಿತ್ತು ಎಸೆದಿದ್ದರೆ ನಾನೇ ಭೇಷ್ ಎನ್ನುತ್ತಿದ್ದೆ. ಅವನು ಹಾಗೇನೂ ಮಾಡಲಿಲ್ಲ.

ಮುಂದೆ ಅವಳು ಕಾಯಿಪಲ್ಲೆ ಹೆಚ್ಚುವುದು, ಕಾಳು ಆರಿಸುವುದು ಎಲ್ಲವನ್ನೂ ಪಡಸಾಲೆಗೆ ತಂದಳು. ಅಡುಗೆಮನೆಗೆ ಹೋದರೂ ಒಂದು ಕಿವಿ ಇತ್ತಲೇ. ಗಂಗಯ್ಯ ಕೊಟ್ಟದ್ದು ಕುಡಿದ, ಕೊಟ್ಟದ್ದು ಉಂಡ, ಬಾಯಾರಿದರೆ ಸುಮ್ಮನೆ ಬಾಯಾರಿ ಮಲಗಿದ. ಮರುವರ್ಷ ಶ್ರಾವಣದಲ್ಲಿ ತೀರಿಕೊಳ್ಳುವವರೆಗೆ ಒಮ್ಮೆಯೂ ಆ ಗುಂಡಿ ಮುಟ್ಟಲಿಲ್ಲ.

ಕಾರ್ಯವೆಲ್ಲ ಮುಗಿದು, ಬಂದ ನೆಂಟರು ಹೋದ ಮೇಲೆ ಗುರುಬಸವ್ವ ಮತ್ತು ನಾನು ಅವರ ಕಟ್ಟೆಯ ಮೇಲೆ ಕೂತಿದ್ದೆವು. ಎಲ್ಲದಕ್ಕೂ ಮಾತು ಹಚ್ಚುವವಳು ನಾನು. ನಿನಗೇನು ಗೊತ್ತಿತ್ತು, ಬಿಡು, ಅದೊಂದು ಯಂತ್ರದ ಸದ್ದು, ಯಾರಿಗಾದರೂ ಬೇಸರ ಬರುತ್ತದೆ ಎಂದು ಏನೇನೋ ಹೇಳಿದೆ. ಅವಳು ಬೀದಿಯ ಕಡೆ ನೋಡುತ್ತ ಹೇಳಿದಳು:

“ನಾ ಬೈಕೋತ ಬರತಿದ್ದೆ ದೇವಕ್ಕಾ. ಬೈದರೂ ಬರತಾಳಲ್ಲ ಅಂತ ಅವರು ಕರೀತಿದ್ರು.”