ಉತ್ತರಕ್ಕೆ ತಲೆ, ಉಡುಪಿಗೆ ಕಾಲು

ನನಗೆ ಬಸ್ಸಿನಲ್ಲಿ ಸುಮ್ಮನೆ ಕೂರಲು ಬರುವುದಿಲ್ಲ. ಹತ್ತಿದ ಕೂಡಲೇ ಕಣ್ಣು ತುರ್ತು ಬಾಗಿಲನ್ನು ಹುಡುಕುತ್ತದೆ. ಸಿಕ್ಕರೆ, ಅದು ತೆರೆಯುತ್ತದೋ ಇಲ್ಲವೋ ನೋಡೋಣ ಎಂದು ಕೈ ತುರಿಸುತ್ತದೆ. ಇಂಡಿ ಊರಿನಲ್ಲಿ ಕೆಲಸಕ್ಕಿದ್ದಾಗ ಒಮ್ಮೆ ಹಿಡಿಕೆ ಎಳೆದೇ ಬಿಟ್ಟು ಕಂಡಕ್ಟರನಿಂದ ಬೈಸಿಕೊಂಡಿದ್ದೆ. ಬಾಗಿಲು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಅವನ ಬೈಗುಳ ಅಂದೇ ಮರೆತುಹೋಯಿತು, ಆ ಬಾಗಿಲು ಇಂದಿಗೂ ಮರೆತಿಲ್ಲ. ಈಗ ಬಸವನ ಬಾಗೇವಾಡಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮನೆಯಲ್ಲಿ ನಾನು ಮತ್ತು ಅವ್ವ ಇಬ್ಬರೇ.

ತಂಗಿ ಉಡುಪಿಯಲ್ಲಿ ನರ್ಸು, ಗಂಡನ ಕೆಲಸವೂ ಅಲ್ಲೇ. ಕಳೆದ ವರ್ಷ ಅವಳು ಚೊಚ್ಚಲ ಬಸುರಿ. ನಮ್ಮ ಕಡೆ ಮೊದಲ ಹೆರಿಗೆ ತವರಿನಲ್ಲೇ ಆಗಬೇಕು. ಹೊಸ ಸೀರೆ ಉಡಿಸಿ, ಉಡಿ ತುಂಬಿ, ಕುಬಸ ಎಂಬ ಸೀಮಂತ ಮಾಡಿ ಮಗಳನ್ನು ಕರೆತರುತ್ತಾರೆ. ಆದರೆ ಅವಳ ಡಾಕ್ಟರು, ಘಟ್ಟ ಹತ್ತಿ ಅಷ್ಟು ದೂರ ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋಗುವುದು ಬೇಡವೇ ಬೇಡ ಎಂದುಬಿಟ್ಟರು. ಕುಬಸದ ಸೀರೆ ಪಾರ್ಸೆಲ್ಲಿನಲ್ಲಿ ಹೋಯಿತು.

"ನಾ ಬರಾಕ ಆಗಂಗಿಲ್ಲ ಅವ್ವಾ. ತವರಮನೀನ ಇಲ್ಲಿಗೆ ಬರಲಿ," ಎಂದಳು ತಂಗಿ ಫೋನಿನಲ್ಲಿ.

"ತವರಮನಿಗೆ ಗಾಲಿ ಅದಾವೇನ?" ಎಂದು ಅವ್ವ ಸಿಡುಕಿದಳು. ಆದರೂ ಮರುದಿನವೇ ಅಂಟಿನುಂಡಿಗೆ ಒಣಕೊಬ್ಬರಿ ತರಿಸಿದಳು. ಬಾಣಂತಿಗೆ ಕೊಡುವ ಉಂಡಿ ಅದು. ಅಂದರೆ ಹೋಗುವುದು ನಿಶ್ಚಯವಾಯಿತು ಎಂದು ನಾನು ತಿಳಿದುಕೊಂಡೆ. ಹೇಗೆ ಹೋಗುವುದು ಎಂಬುದೇ ಮುಂದಿನ ಮಾತು.

ಅವ್ವನ ತವರು ಮುದ್ದೇಬಿಹಾಳ. ನಾನು ಹೊಟ್ಟೆಯಲ್ಲಿದ್ದಾಗ ಅವಳು ಹೋದದ್ದೂ ಬಸ್ಸಿನಲ್ಲೇ, ಡ್ರೈವರನ ಹಿಂದಿನ ಸೀಟಿನಲ್ಲಿ. ಅಲ್ಲಿ ಕೂತರೆ ಅವನು ತೂಕಡಿಸುವುದು ಕಾಣುತ್ತದೆ, ಬೆನ್ನಿಗೆ ತಿವಿಯಬಹುದು ಎಂಬುದು ಅವಳ ಲೆಕ್ಕಾಚಾರ. ಈ ಜಿಲ್ಲೆ ದಾಟಿ ಅವಳು ಹೋದದ್ದು ಕಡಿಮೆ. ರಾತ್ರಿ ಬಸ್ಸಿನಲ್ಲಂತೂ ಇಲ್ಲವೇ ಇಲ್ಲ. ಸಾಲದ್ದಕ್ಕೆ ಅದೇ ವಾರ ಟಿವಿಯಲ್ಲಿ ಎಲ್ಲೋ ಒಂದು ಸ್ಲೀಪರ್ ಬಸ್ಸಿಗೆ ಬೆಂಕಿ ಹತ್ತಿದ ಸುದ್ದಿ ಬಂತು. ಅವ್ವ ಟಿವಿ ಆರಿಸಿದಳು. ಊಟದ ಹೊತ್ತಿಗೆ ಕೇಳಿದಳು: "ಮಂದಿ ಮಲಗಿದ್ರಂತ ಹೌದಲ್ಲ?"

"ಹೌದು," ಎಂದೆ.

"ಮಲಗಿದ್ದಕ್ಕ ತಿಳೀಲಿಲ್ಲ ನೋಡು," ಎಂದು ರೊಟ್ಟಿ ಮುರಿದಳು. ನನಗೂ ಹೆದರಿಕೆಯಾಗಿತ್ತು. ಆದರೆ ನನಗೆ ಹೆದರಿಕೆಯಾದರೆ ದೂರ ಓಡುವುದಿಲ್ಲ, ಹತ್ತಿರ ಹೋಗಿ ನೋಡಬೇಕೆನಿಸುತ್ತದೆ.

ಸಿಂದಗಿಯಿಂದ ಹೊರಟು ಉಡುಪಿ ಮೇಲೆ ಮಂಗಳೂರಿಗೆ ಹೋಗುವ ಒಂದು ಖಾಸಗಿ ಸ್ಲೀಪರ್ ಸಂಜೆ ನಮ್ಮೂರಿಗೆ ಬರುತ್ತದೆ. ಕರಾವಳಿಗೆ ಕಟ್ಟಡದ ಕೆಲಸಕ್ಕೆ ಹೋಗುವವರೇ ಅದರ ತುಂಬ. ಶಾಲೆ ಬಿಟ್ಟ ಮೇಲೆ ಹೋಗಿ, ಚಹಾ ಕುಡಿಯುತ್ತಿದ್ದ ಡ್ರೈವರನನ್ನು ಕೇಳಿಕೊಂಡು ಒಳಗೆ ಹತ್ತಿದೆ. ಹಿಂದಿನ ತುರ್ತು ಬಾಗಿಲಿಗೆ ಉಳ್ಳಾಗಡ್ಡಿ ಚೀಲ ಒರಗಿಸಿದ್ದರು. ಕಿಟಕಿ ಒಡೆಯುವ ಸುತ್ತಿಗೆಯ ಜಾಗವಿತ್ತು, ಸುತ್ತಿಗೆ ಇರಲಿಲ್ಲ.

"ಸುತ್ತಗಿ ಎಲ್ಲಿ ಹೋತ್ರಿ?"

"ಯಾರೋ ಮನಿಗೆ ಒಯ್ದಾರ ನೋಡ್ರಿ ಟೀಚರ್. ಗ್ವಾಡಿಗೆ ಮೊಳಿ ಬಡಿಯಾಕ ಬೇಕಾಗಿತ್ತೋ ಏನೋ," ಎಂದ ಡ್ರೈವರ್. ವಯಸ್ಸಾದ, ನಗುಮುಖದ ಮನುಷ್ಯ. "ಹತ್ತೋರು ಎಲ್ಲಾರೂ ಚಾರ್ಜರ್ ಪಾಯಿಂಟ್ ಎಲ್ಲಿ ಐತಿ ಅಂತ ಕೇಳ್ತಾರ. ಸುತ್ತಗಿ ಕೇಳಿದಾಕಿ ನೀವೊಬ್ಬಾಕಿನ."

ಅವನು ಚೀಲ ಸರಿಸಿ ಬಾಗಿಲು ತೆರೆದು ತೋರಿಸಿದ. ಇದು ತೆರೆಯಿತು. ರಾತ್ರಿ ಇಬ್ಬರು ಡ್ರೈವರುಗಳು ಪಾಳಿಯ ಮೇಲೆ ಓಡಿಸುತ್ತಾರೆ ಎಂದೂ ಹೇಳಿದ. ಇಳಿಯುವಾಗ ನನ್ನ ಕಣ್ಣಿಗೆ ಬಿದ್ದದ್ದು ದಿಂಬುಗಳು. ಎಲ್ಲವೂ ಬಸ್ಸಿನ ಹಿಂಬದಿಗಿದ್ದವು. ಅಂದರೆ ಮಲಗುವವರ ಕಾಲು ಮುಂದಕ್ಕೆ, ತಲೆ ಹಿಂದಕ್ಕೆ. ಯಾಕೆಂದು ಕೇಳಿದೆ.

"ಗಪ್ಪನ ಬ್ರೇಕ್ ಹೊಡದ್ರ ಕಾಲು ತಡೀತಾವ್ರಿ. ತಲಿ ಮುಂದಿದ್ರ ತಲೀನ ಹೋಗಿ ಬಡೀತೈತಲ್ಲ."

ಎಷ್ಟು ಸರಳ. ಇಷ್ಟು ವರ್ಷ ನನಗೇ ಯಾಕೆ ಹೊಳೆದಿರಲಿಲ್ಲ ಎಂದು ಖುಷಿಯಿಂದ ಮನೆಗೆ ಬಂದು ಅವ್ವನಿಗೆ ಎಲ್ಲವನ್ನೂ ವಿವರಿಸಿದೆ. ಅವಳು ಉಂಡಿಗೆ ಅಂಟು ಕುಟ್ಟುತ್ತಿದ್ದವಳು ಕೈ ನಿಲ್ಲಿಸಿದಳು.

"ಉಡುಪಿ ಯಾವ ದಿಕ್ಕಿಗೆ ಐತಿ?"

"ದಕ್ಷಿಣಕ್ಕ. ಸ್ವಲ್ಪ ಪಶ್ಚಿಮಕ್ಕ."

"ಕಾಲು ಉಡುಪಿ ಕಡಿ ಅಂದಿ. ಮತ್ತ ತಲಿ?"

ಆಗ ನನಗೆ ಹೊಳೆಯಿತು. ತಲೆ ಉತ್ತರಕ್ಕೆ. ಉತ್ತರಕ್ಕೆ ತಲೆ ಹಾಕುವುದು ಹೆಣ ಮಲಗಿಸುವಾಗ. ನಮ್ಮ ಮನೆಯಲ್ಲಿ ಜ್ವರ ಬಂದು ಮೈಮೇಲೆ ಎಚ್ಚರವಿಲ್ಲದೆ ಬಿದ್ದರೂ ಅವ್ವ ಹಾಸಿಗೆಯನ್ನು ತಿರುಗಿಸಿಯೇ ಮಲಗಿಸುವವಳು.

"ಮಗಳ ಹೆರಿಗಿಗೆ ಹೊಂಟಾಕಿ ನಾ. ಹೆಣದಂಗ ಮಲಗಿ ಹೋಗ್ಲೇನ?"

ಮರುದಿನ ಪಾಠ ಮುಗಿದ ಮೇಲೆ ಶಾಲೆಯ ನಕ್ಷೆಯ ಮುಂದೆ ನಿಂತು ದಾರಿಯ ಮೇಲೆ ಬೆರಳಾಡಿಸಿದೆ. ನಿಡಗುಂದಿಯಿಂದ ಹುಬ್ಬಳ್ಳಿಯವರೆಗೆ ಹೆಚ್ಚುಕಡಿಮೆ ದಕ್ಷಿಣ, ತಲೆ ಉತ್ತರಕ್ಕೆ. ಅಂಕೋಲಾದಿಂದ ಉಡುಪಿಯವರೆಗೆ ಕಡಲ ದಂಡೆ ಹಿಡಿದು ಮತ್ತೆ ದಕ್ಷಿಣ, ತಲೆ ಉತ್ತರಕ್ಕೆ. ನಡುವೆ ಹುಬ್ಬಳ್ಳಿಯಿಂದ ಅಂಕೋಲಾದವರೆಗೆ ಮಾತ್ರ ಬಸ್ಸು ಪಶ್ಚಿಮಕ್ಕೆ ಓಡುತ್ತದೆ. ಆಗ ತಲೆ ಪೂರ್ವಕ್ಕೆ, ಶಾಸ್ತ್ರಕ್ಕೆ ಬಲು ಒಳ್ಳೆಯದು. ಆದರೆ ಘಟ್ಟದ ತಿರುವುಗಳೆಲ್ಲ ಇರುವುದು ಅಲ್ಲೇ. ಡಾಕ್ಟರಿಗೂ ನನಗೂ ಅಂಜಿಕೆಯಾಗುವ ದಾರಿಯೇ ಅವ್ವನಿಗೆ ಶುಭ! ನಕ್ಷೆಯ ಮುಂದೆ ಒಬ್ಬಳೇ ನಕ್ಕೆ. ಮನೆಯಲ್ಲಿ ಹೇಳಿದರೆ ಅವ್ವ ನಗಲಿಲ್ಲ.

"ಹುಬ್ಬಳ್ಳಿಗೆ ಎಬ್ಬಿಸಿ, ಮತ್ತ ಅಂಕೋಲಾಕ್ಕ ಎಬ್ಬಿಸಿ ತಿರುಗಿಸಿ ಮಲಗಸ್ತಿ ಏನ?"

ಬೇರೆ ದಾರಿಗಳನ್ನು ಹುಡುಕಿದೆ. ಕಾರು ಬಾಡಿಗೆಗೆ ಹಿಡಿಯಬಹುದಿತ್ತು. ಆದರೆ ಅಷ್ಟು ದೂರ ಒಬ್ಬನೇ ಡ್ರೈವರ್, ಅವನ ನಿದ್ದೆಯ ಹೊಣೆ ಯಾರದು? ರೈಲು ಹುಬ್ಬಳ್ಳಿಯವರೆಗೆ ಸಲೀಸು, ಮುಂದೆ ಘಟ್ಟ ಇಳಿಯಲು ಮತ್ತೆ ಬಸ್ಸೇ ಗತಿ. ಕೊನೆಗೆ ಅವ್ವನೇ ತೀರ್ಮಾನ ಕೊಟ್ಟಳು. ಬೆಳಿಗ್ಗೆ ಸರ್ಕಾರಿ ಬಸ್ಸಿನಲ್ಲಿ ಹುಬ್ಬಳ್ಳಿ, ಅಲ್ಲಿ ರಾತ್ರಿ ಉಳಿದು, ಮರುದಿನ ಹಗಲಲ್ಲಿ ಘಟ್ಟ ಇಳಿಯುವುದು. ಕುಳಿತು ಹೋಗುವವರ ತಲೆ ಆಕಾಶಕ್ಕಿರುತ್ತದೆ, ಅದಕ್ಕೆ ದಿಕ್ಕಿನ ಹಂಗಿಲ್ಲ. ಡ್ರೈವರನ ಬೆನ್ನೂ ಕೈಗೆಟುಕುತ್ತದೆ. ಹೆರಿಗೆಗೆ ಇನ್ನೂ ಮೂರು ವಾರವಿತ್ತು. ಮುಂದಿನ ಸೋಮವಾರ ಹೊರಡುವುದೆಂದಾಯಿತು. ಶಾಲೆಗೆ ರಜೆ ಬರೆದುಕೊಟ್ಟೆ.

ಶುಕ್ರವಾರ ಮಧ್ಯಾಹ್ನ ತಂಗಿಯ ಫೋನು ಬಂತು. ರಕ್ತದ ಒತ್ತಡ ಏರಿದೆ, ಡಾಕ್ಟರು ಕಾಯುವುದು ಬೇಡ ಎಂದಿದ್ದಾರೆ, ನಾಳೆಯೇ ಆಪರೇಷನ್. ತನ್ನದೇ ಕೇಸನ್ನು ಬೇರೆ ರೋಗಿಯದ್ದೆಂಬಂತೆ ಒಪ್ಪವಾಗಿ ಹೇಳುತ್ತ ಹೋದಳು. ಎಷ್ಟೋ ಬಾಣಂತಿಯರಿಗೆ ಧೈರ್ಯ ಹೇಳಿದವಳು ಅವಳು. ಫೋನು ಅವ್ವನ ಕೈಗೆ ಕೊಟ್ಟಾಗ ತಂಗಿಯ ದನಿ ಸಣ್ಣದಾಯಿತು. ಸ್ಪೀಕರಿನಲ್ಲಿ ನನಗೂ ಕೇಳಿಸಿತು.

"ಅವ್ವಾ, ನಂಗ ಅಂಜಿಕಿ ಬರಾಕತ್ತೈತಿ. ನನ್ನ ಒಳಗ ಒಯ್ಯೂದ್ರಾಗ ನೀ ಬರ್ತಿಯೇನ?"

"ಬರ್ತೇನಿ," ಎಂದಳು ಅವ್ವ.

ಬೆಳಿಗ್ಗೆ ಮುಟ್ಟಬೇಕಾದರೆ ಉಳಿದದ್ದು ಸಿಂದಗಿಯ ಸ್ಲೀಪರ್ ಒಂದೇ. ನಾನು ಬಟ್ಟೆ ತುಂಬುತ್ತಿದ್ದರೆ ಅವ್ವ ಉಂಡಿಯ ಡಬ್ಬಿಯ ಜೊತೆಗೆ ಅಂಟು ಕುಟ್ಟುವ ಕಬ್ಬಿಣದ ಕುಟ್ಟಾಣಿಯನ್ನೂ ಚೀಲಕ್ಕೆ ಹಾಕಿದಳು. ಉಂಡಿ ಆಗಲೇ ಕಟ್ಟಿ ಆಗಿದೆಯಲ್ಲ, ಈ ಭಾರ ಯಾಕೆ ಎಂದು ಕೇಳಿದೆ. ಇರಲಿ ಎಂದಳು.

ಅದೇ ಡ್ರೈವರ್ ಇದ್ದ. ಈ ಸಲ ತುರ್ತು ಬಾಗಿಲಿಗೆ ಚೀಲ ಒರಗಿರಲಿಲ್ಲ. ಸುತ್ತಿಗೆಯ ಜಾಗ ಮಾತ್ರ ಖಾಲಿಯೇ ಇತ್ತು. ನಮ್ಮದು ಕೆಳಗಿನ ಎರಡು ಬರ್ತುಗಳು. ಅವ್ವ ಚಪ್ಪಲಿ ಬಿಟ್ಟು ಹತ್ತಿ ಕುಳಿತಳು, ಪರದೆ ಸರಿಸಿ ಕಿಟಕಿಯ ಗಾಜನ್ನು ಬೆರಳಿನಿಂದ ತಟ್ಟಿ ನೋಡಿದಳು. ಆಮೇಲೆ ಚೀಲದಿಂದ ಕುಟ್ಟಾಣಿಯ ಕೋಲು ತೆಗೆದು ಗಾಜಿನ ಪಕ್ಕ, ಕೈಗೆ ಸಿಗುವಂತೆ ಇಟ್ಟುಕೊಂಡಳು. ನಾನು ಆಡಿದ ಮಾತನ್ನೆಲ್ಲ ಅವಳು ಎಷ್ಟು ಲಕ್ಷ್ಯವಿಟ್ಟು ಕೇಳಿದ್ದಳು ಎಂದು ಆಗ ತಿಳಿಯಿತು. ಅವಳ ಮೇಲೆ ತುಂಬ ಪ್ರೀತಿ ಬಂತು.

ಈಗ ದಿಕ್ಕಿನ ಸರದಿ. ಬಸ್ಸು ನಿಡಗುಂದಿ ದಾಟುತ್ತಿತ್ತು. ನಾನು ಫೋನಿನಲ್ಲಿ ದಿಕ್ಸೂಚಿ ತೆರೆದು ಹಿಡಿದೆ. ಬೇಕಾದರೆ ದಿಂಬನ್ನು ಈಚೆ ತರೋಣ, ಇಲ್ಲವೇ ಇಬ್ಬರೂ ಕುಳಿತೇ ಹೋಗೋಣ ಎಂದು ಹೇಳುವವಳಿದ್ದೆ. ಅಷ್ಟರಲ್ಲಿ ಅವ್ವ ಸೆರಗು ಹೊದ್ದು, ಕಾಲು ಮುಂದಕ್ಕೆ ಚಾಚಿ, ದಿಂಬಿಗೆ ತಲೆಯಿಟ್ಟಳು.

"ಅವ್ವಾ, ತಲಿ ಉತ್ತರಕ್ಕ ಆಗೇತಿ."

"ಗೊತ್ತೈತಿ. ಅದನ್ನ ಒಳಗಿಡು," ಎಂದಳು ಕಣ್ಣು ಮುಚ್ಚಿಕೊಂಡೇ. "ತಲಿ ಹಿಂದಿಂದ ಬರಲಿ. ಕಾಲ ಮೊದಲ ಮುಟ್ಟಲಿ."

ನಾನು ಫೋನು ಆರಿಸಿದೆ.

ಉಡುಪಿಯಲ್ಲಿ ಇಳಿದಾಗ ಬೆಳಗಾಗಿತ್ತು. ಆಟೋ ಹಿಡಿದು ಆಸ್ಪತ್ರೆ ಮುಟ್ಟಿದೆವು. ತಂಗಿಯನ್ನು ಗಾಲಿಮಂಚದ ಮೇಲೆ ಮಲಗಿಸಿ ವಾರ್ಡಿನಿಂದ ಹೊರಗೆ ತಂದಿದ್ದರು, ಇನ್ನೇನು ಆಪರೇಷನ್ ಕೋಣೆಯೊಳಗೆ ಒಯ್ಯುವವರಿದ್ದರು. ಅವ್ವ ನನ್ನನ್ನು ಹಿಂದೆ ಬಿಟ್ಟು ಆ ನುಣುಪು ನೆಲದ ಮೇಲೆ ಓಡಿದಳು. ತಂಗಿ ತಲೆಯೆತ್ತಿ ಮೊದಲು ನೋಡಿದ್ದು ಅವ್ವನ ಮುಖವನ್ನಲ್ಲ, ಕಾಲುಗಳನ್ನು.

"ಅವ್ವಾ, ಚಪ್ಪಲ್ ಎಲ್ಲಿ?"

ನಾವಿಬ್ಬರೂ ಕೆಳಗೆ ನೋಡಿದೆವು. ಬರಿಗಾಲು. ಚಪ್ಪಲಿ ಬರ್ತಿನ ಕೆಳಗೇ ಉಳಿದು ಮಂಗಳೂರಿನ ದಾರಿ ಹಿಡಿದಿದ್ದವು. ತಂಗಿ ನಕ್ಕಳು, ನಗುತ್ತಲೇ ಅತ್ತಳು, ಅವ್ವನ ಕೈ ಹಿಡಿದುಕೊಂಡಳು. ಅವಳ ಸಹೋದ್ಯೋಗಿಗಳು ಬಾಗಿಲ ಬಳಿ ಬಂದು ಬಿಡಿಸುವವರೆಗೂ ಆ ಕೈ ಬಿಡಲಿಲ್ಲ.