ಎಲೆಯ ಚಿತ್ರವಿದ್ದ ಡಬ್ಬಿ

ಎರಡು ವರ್ಷದ ಹಿಂದೆ ಫಾರ್ಮಸಿ ಓದು ಮುಗಿಸಿ ಚಾಮರಾಜನಗರದ ಒಂದು ಖಾಸಗಿ ಆಸ್ಪತ್ರೆಗೆ ಸೇರಿದ್ದೆ. ವಾರ್ಡಿನಲ್ಲಿ ಡ್ರಗ್ ಹಿಸ್ಟರಿ ತೆಗೆಯುವುದು, ಅಂದರೆ ರೋಗಿ ಈಚೆಗೆ ಯಾವ ಔಷಧಿ ನುಂಗಿದ್ದಾರೆಂದು ಕೇಳಿ ಡಾಕ್ಟರಿಗೆ ತಿಳಿಸುವುದು ನನ್ನ ಕೆಲಸ. ಬಿಡುವಿನಲ್ಲಿ ಆ ಡಾಕ್ಟರನ್ನೇ ಅಣಕಿಸುವುದು ಸಂಬಳವಿಲ್ಲದ ಇನ್ನೊಂದು ಕೆಲಸ.

ಉಡಿಗಾಲದ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ರತ್ನಮ್ಮ ಕಣ್ಣು ಹಳದಿಯಾಗಿ ಅಡ್ಮಿಟ್ ಆದರು. ಕಾಮಾಲೆ ತರುವ ವೈರಸ್ಸುಗಳ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಆದರೂ ಬಿಲಿರುಬಿನ್, ಅಂದರೆ ಆ ಹಳದಿಗೆ ಕಾರಣವಾದ ಅಂಶ, ರಕ್ತದಲ್ಲಿ ದಿನದಿನಕ್ಕೆ ಏರುತ್ತಿತ್ತು. ಹೀಗೇ ಆದರೆ ಲಿವರ್ ಕೈಕೊಡುತ್ತದೆ ಎಂದರು ಡಾಕ್ಟರು. ನಾನು ಎಷ್ಟು ಸಲ ಕೇಳಿದರೂ ರತ್ನಮ್ಮನದು ಒಂದೇ ಉತ್ತರ: "ಯಾವ ಮಾತ್ರೆನೂ ನುಂಗಿಲ್ಲ ಕಣಪ್ಪ."

ಗಂಡ ಸಿದ್ದರಾಜು ಆಗಲೇ ಬ್ಯಾಗು ಹಿಡಿದು ನಿಂತಿದ್ದರು. "ಇಲ್ಲೇನೂ ಆಗಕಿಲ್ಲ. ನಾಟಿ ಔಸ್ದಿ ಕೊಡುಸ್ತೀನಿ, ಏಳು ಓಗನ."

ನನಗೆ ತಲೆ ಕೆಟ್ಟುಹೋಯಿತು. ಬೇರೇನೂ ತೋಚದೆ, ಗೊತ್ತಿದ್ದ ಒಂದೇ ವಿದ್ಯೆಯನ್ನು ಹೊರತೆಗೆದೆ. ಡಾಕ್ಟರು ರೌಂಡ್ಸಿಗೆ ಬರುವ ನಡಿಗೆ ಮಾಡಿ ತೋರಿಸಿದೆ. ರತ್ನಮ್ಮನ ತುಟಿ ಅಲುಗಿತು. ಆಮೇಲೆ ಫೋನಿನಲ್ಲಿ ಸರಕು ಮಾರುವವರ ರಾಗ ಎಳೆದೆ: "ಅಕ್ಕಾ, ವ್ಯಾಯಾಮ ಬೇಡ, ಪಥ್ಯ ಬೇಡ, ಹೊಟ್ಟೆ ತಾನಾಗೇ ಕರಗುತ್ತೆ."

ಅವರು ನಕ್ಕುಬಿಟ್ಟರು. "ಥೇಟ್ ನಮ್ ಸುಮನಂಗೇ ಏಳ್ತೀಯಲ್ಲ ಮಗ."

"ಯಾವ ಸುಮಾ?"

"ಪಕ್ಕದ್ ಬೀದಿಯೋಳು. ತೂಕ ಇಳ್ಸೋ ಗ್ರೀನ್ ಟೀ ಮಾರ್ತಾಳೆ."

ದಿಂಬಿನ ಕೆಳಗಿಂದ ಡಬ್ಬಿ ಬಂತು. ಒಳಗೆ ಕ್ಯಾಪ್ಸೂಲುಗಳು.

"ಇದು ಮಾತ್ರೆ ಅಲ್ವೇನಕ್ಕ?"

"ಸೊಪ್ಪು ಕಣ್ಲಾ. ಎಲೆ ಚಿತ್ರ ಕಾಣಕಿಲ್ವಾ? ದಿನಾ ಬರೀ ಒಟ್ಟೇಲಿ ಒಂದು. ಸ್ವಾಮಾರ ಮಾದಪ್ಪನ ಒಪ್ಪೊತ್ತು, ಅವತ್ತು ಎರಡು. ಉಪ್ವಾಸಕ್ಕೆ ಸೊಪ್ಪು ನಡೀತದಲ್ಲ."

ಅಂದು ಬೆಳಿಗ್ಗೆ ನಮ್ಮದೇ ವಾರ್ಡಿನಲ್ಲಿ, ನಮ್ಮ ಕಣ್ಣೆದುರೇ ಒಂದು ನುಂಗಿದ್ದರು.

ಲೋಟದಲ್ಲಿ ಕುಡಿಯುವ ಗ್ರೀನ್ ಟೀ ಬೇರೆ. ಕ್ಯಾಪ್ಸೂಲಿನಲ್ಲಿರುವುದು ಅದರ ಎಕ್ಸ್‌ಟ್ರಾಕ್ಟ್, ಗಟ್ಟಿ ಮಾಡಿದ ಸಾರ. ಕೆಲವರಿಗೆ ಅದು ಲಿವರನ್ನು ಕೆಡಿಸುತ್ತದೆ, ಖಾಲಿ ಹೊಟ್ಟೆಯಲ್ಲಾದರೆ ಇನ್ನೂ ಅಪಾಯ. ಇದನ್ನು ವಿವರಿಸಿದಾಗ ಸಿದ್ದರಾಜು ಹೆಂಡತಿಯನ್ನು ದುರುಗುಟ್ಟಿ ನೋಡಿದರು. "ನಾ ಒಲದಿಂದ ತಂದ ಸೊಪ್ಪು ಬಾಡೋಯ್ತದೆ. ಡಬ್ಬಿ ಸೊಪ್ಪು ಬೇಕಾಯ್ತಾ ನಿಂಗೆ?" ಅಂದರೂ ಬ್ಯಾಗನ್ನು ಮಂಚದ ಕೆಳಗಿಟ್ಟರು.

ಡಬ್ಬಿ ನಿಂತ ಮೇಲೆ ಬಿಲಿರುಬಿನ್ ನಿಧಾನವಾಗಿ ಇಳಿಯಿತು. ಅಂದಿನಿಂದ ನಾನು ಯಾವ ಮಾತ್ರೆ ಎಂದು ಕೇಳುವುದಿಲ್ಲ. ಬಾಯಿಗೆ ಏನೇನು ಹೋಗುತ್ತದೆ ಎಂದು ಕೇಳುತ್ತೇನೆ.

ಕಣ್ಣು ತಿಳಿಯಾದ ಮೇಲೆ ರತ್ನಮ್ಮ ಮತ್ತೆ ತೋರಿಸಲು ಬಂದಾಗ, ಸುಮಾಳ ಮೇಲಿದ್ದ ಸಿಟ್ಟನ್ನೆಲ್ಲ ಅವರ ಮುಂದೆ ಕಕ್ಕಿದೆ. ಅವರು ಸಮಾಧಾನವಾಗಿ ಕೇಳಿಸಿಕೊಂಡರು.

"ಮಂಡಿ ನೋವು ಅಂತ ನಾ ಮೊದ್ಲು ಬಂದಿದ್ದು ಇಲ್ಗೇ ಕಣ ಮಗ. ತೂಕ ಇಳ್ಸು ಅಂದ್ಬುಟ್ಟು ಕಳ್ಸುದ್ರಿ. ಎಂಗೆ ಅಂತ ಕೂತ್ಕಂಡು ಏಳ್ದೋಳು ಸುಮ ಒಬ್ಳೇ."

ಸ್ಟೂಲು ಎಳೆದುಕೊಂಡು ಕೂತೆ. "ಬೆಳಿಗ್ಗೆ ಏನು ತಿಂತೀರಕ್ಕ?" ಎಂದು ಶುರು ಮಾಡಿದೆ.