ಹಿತ್ತಲಿನ ಬಿಳಿ ಕಲ್ಲು

ನಮ್ಮ ಚಿಕ್ಕಪ್ಪ ಹಾಸ್ಟೆಲ್ಲಿನ ಅಡುಗೆ ಕೆಲಸದಿಂದ ನಿವೃತ್ತನಾಗಿ ಮನೆಗೆ ಬಂದಾಗ ಚಿಕ್ಕಮ್ಮನಿಗೆ ಖುಷಿಯೋ ಖುಷಿ. ಅವನು ಸೌಟು ಹಿಡಿಯುವವರೆಗೆ ಮಾತ್ರ. ನೂರಾರು ಮಂದಿಗೆ ಬೇಯಿಸಿದ ಕೈ, ಇಬ್ಬರಿಗೆ ಮಾಡು ಎಂದರೆ ಕೇಳೀತೇ? ಬುಟ್ಟಿಗಟ್ಟಲೆ ಆಲೂಗಡ್ಡೆ ಹೆಚ್ಚುತ್ತಿದ್ದ. ಅದನ್ನು ಚಿಕ್ಕಮ್ಮ ಅಕ್ಕಪಕ್ಕದವರಿಗೆ ಹಂಚಿ ಹೇಗೋ ಸಹಿಸಿಕೊಂಡಳು. ಆದರೆ ಅವನಿಗೆ ಇನ್ನೊಂದು ಚಾಳಿ ಇತ್ತು. ಒಲೆಯಿಂದ ಕಣ್ಣು ತೆಗೆಯದೆ ಕೈಯನ್ನು ಹಿಂದಕ್ಕೆ ಚಾಚಿ "ಉಪ್ಪು!" ಎನ್ನುತ್ತಿದ್ದ. ಹಾಸ್ಟೆಲ್ಲಿನಲ್ಲಿ ಆ ಕೈಗೆ ಯಾರಾದರೊಬ್ಬರು ಡಬ್ಬಿ ಇಡುತ್ತಿದ್ದರು.

ಒಂದು ದಿನ ಚಿಕ್ಕಮ್ಮ ಸಿಡಿದಳು. "ಇಷ್ಟು ವರ್ಷ ಇಲ್ಲಿ ಒಬ್ಬಳೇ ಬೇಯಿಸಿದೀನಿ. ನನ್ನ ಕೈಗೆ ಯಾರು ಉಪ್ಪು ಕೊಟ್ರು? ನಿಮ್ಮ ದರ್ಬಾರು ಹಿತ್ತಲಲ್ಲಿ ಇಟ್ಕೊಳ್ಳಿ!"

ಸಿಟ್ಟಿನಲ್ಲಿ ಆಡಿದ ಮಾತು. ಚಿಕ್ಕಪ್ಪ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡ. ಹಿತ್ತಲಿನಲ್ಲಿ ತನ್ನದೇ ಅಡುಗೆಮನೆ ಕಟ್ಟುತ್ತೇನೆಂದು ಕಂಡಕಂಡವರಿಗೆಲ್ಲ ಸಾರಿದ. ಕಲ್ಲಿನ ಅಂಗಡಿಗೆ ನನ್ನ ಸ್ಕೂಟರಿನ ಹಿಂದೆ ಕೂತು ಬರುವಾಗ ಮಾತ್ರ ದನಿ ಇಳಿಸಿ, "ಒಬ್ಬನೇ ಅಡುಗೆ ಮಾಡಿ ನಂಗೆ ಅಭ್ಯಾಸಾನೇ ಇಲ್ಲ ಕಣಮ್ಮ. ಅವಳು ಆ ಕಡೆ ತಲೆನೂ ಹಾಕದೆ ಇದ್ರೆ ಏನ್ಮಾಡೋದು?" ಎಂದ. ನನಗೆ ಪಾಪ ಅನ್ನಿಸಿತು. ಹಾಗಂತ ಅವನು ನನ್ನ ತಲೆ ತಿನ್ನುವುದೇನೂ ಕಡಿಮೆ ಮಾಡಲಿಲ್ಲ.

ಕಟ್ಟೆಯ ಮೇಲ್ಹಾಸಿಗೆ ಯಾವುದು ಸರಿ ಎಂದು ಅಂಗಡಿಯವನನ್ನು ಕೇಳಿದರೆ ಸಾಕಿತ್ತು. ಚಿಕ್ಕಪ್ಪ ಯಾರ ಮಾತನ್ನೂ ನಂಬುವವನಲ್ಲ. ಹಾಸ್ಟೆಲ್ಲಿಗೆ ಬಂದ ಅಕ್ಕಿಯನ್ನು ಬೇಯಿಸಿ ನೋಡದೆ ಮೂಟೆ ಇಳಿಸಿಕೊಂಡವನೇ ಅಲ್ಲ. ಕರಿ ಗ್ರಾನೈಟು, ಬಿಳಿ ಅಮೃತಶಿಲೆ, ಸ್ಟೀಲಿನ ತಗಡು, ಮರದ ಹಲಗೆ ಎಲ್ಲದರ ತುಂಡು ತಂದು ಹಿತ್ತಲಿನಲ್ಲಿ ಸಾಲಾಗಿ ಇಟ್ಟ. ದಿನಾ ಸಂಜೆ ಒಂದೊಂದರ ಮೇಲೂ ಎಣ್ಣೆ, ಚಹಾ, ಬೀಟ್‌ರೂಟ್ ರಸ ಸುರಿದು ವಾಕಿಂಗಿಗೆ ಹೋಗುವುದು, ಬೆಳಿಗ್ಗೆ ಕನ್ನಡಕ ಏರಿಸಿ ಬಗ್ಗಿ ನೋಡುವುದು.

ಸ್ಟೀಲು ಬಿಸಿಲಿಗೆ ಕಾದು ಅವನ ಅಂಗೈ ಸುಟ್ಟಿತು. ಮರ ಉಬ್ಬಿಕೊಂಡಿತು. ಗ್ರಾನೈಟಿನ ಮೇಲೆ ಎಣ್ಣೆ ಜಿಡ್ಡು ಹಾಗೇ ಇತ್ತು. ಅಮೃತಶಿಲೆ ಮಾತ್ರ ದಿನಾ ಬೆಳಿಗ್ಗೆ ಮೊಸರಿನ ಹಾಗೆ ಬೆಳ್ಳಗೆ!

"ಅಡುಗೆಮನೆಗೆ ಅದು ಬೇಡ ಸಾರ್, ಕಲೆ ಕುಡಿದುಬಿಡುತ್ತೆ. ಗ್ರಾನೈಟ್ ಹಾಕ್ಸಿ, ಒರೆಸಿದ್ರೆ ಆಯ್ತು," ಎಂದು ಅಂಗಡಿಯವನು ಕೈಮುಗಿಯುವುದೊಂದು ಬಾಕಿ.

"ನಾನೇ ಕಣ್ಣಾರೆ ಪರೀಕ್ಷೆ ಮಾಡಿದೀನಿ ಕಣಯ್ಯ," ಎಂದು ಚಿಕ್ಕಪ್ಪ ಎದೆಯುಬ್ಬಿಸಿದ.

ಮೇಸ್ತ್ರಿ ಇಟ್ಟಿಗೆಯ ಕಟ್ಟೆ ಕಟ್ಟಿ, ಮೇಲೆ ಬಿಳಿ ಕಲ್ಲು ಹಾಸಿ, ತಗಡಿನ ಸೂರು ಹೊದಿಸಿಕೊಟ್ಟ. ಮೊದಲ ಅಡುಗೆಯ ದಿನ ಚಿಕ್ಕಪ್ಪ ನನ್ನನ್ನೂ ಕರೆದಿದ್ದ. ಚಿಕ್ಕಮ್ಮ ಒಳಗೇ ಇದ್ದಳು. ಚಿಕ್ಕಪ್ಪ ಬೀಟ್‌ರೂಟ್ ಹೆಚ್ಚಿ, ಈರುಳ್ಳಿ ಬಾಡಿಸಿ, ಸಂಭ್ರಮದಿಂದ ಓಡಾಡಿದ. ಬಾಣಲೆ ಇಳಿಸಿ ಕಟ್ಟೆ ಒರೆಸಲು ಹೋದರೆ ಕೆಂಪು ಕಲೆ ಜಪ್ಪಯ್ಯ ಅಂದರೂ ಹೋಗಲಿಲ್ಲ. ಸೋಪು ಹಾಕಿ ಉಜ್ಜಿದ, ನಿಂಬೆಹಣ್ಣು ತಿಕ್ಕಿದ. ನಿಂಬೆಹಣ್ಣು ತಿಕ್ಕಿದಲ್ಲಿ ಕಲ್ಲಿನ ಹೊಳಪೂ ಹೋಯಿತು. ಅವನ ಮೋರೆ ನೋಡಲಾಗಲಿಲ್ಲ.

"ಅಷ್ಟು ದಿನ ಒಂದು ಚುಕ್ಕೆ ಹಿಡೀಲಿಲ್ಲವಲ್ಲೇ!"

ಚಿಕ್ಕಮ್ಮ ಒದ್ದೆ ಬಟ್ಟೆ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. "ಹಿಡಿಯೋಕೆ ನಾನು ಬಿಟ್ರೆ ತಾನೇ? ನೀವು ವಾಕಿಂಗ್ ಹೊರಟ ತಕ್ಷಣ ತೊಳೆದುಬಿಡ್ತಿದ್ದೆ."

"ಯಾಕೆ?"

"ಅದರ ಪಕ್ಕದಲ್ಲೇ ಕೂತು, ಲೋಟ ಅದರ ಮೇಲಿಟ್ಕೊಂಡು ಚಹಾ ಕುಡೀತಿದ್ದೆ. ತಣ್ಣಗಿತ್ತು, ಚೆನ್ನಾಗಿತ್ತು. ಗಲೀಜು ಹೇಗೆ ನೋಡ್ಲಿ?" ಸೆರಗಿನಿಂದ ಮುಖ ಒರೆಸಿಕೊಂಡಳು. "ನೀವು ಅದನ್ನೇ ಆರಿಸ್ತೀರ ಅಂತ ನನಗೇನು ಕನಸು ಬಿದ್ದಿತ್ತಾ?"

ನಾನು ನಗು ತಡೆಯಲಾರದೆ ಬೆನ್ನು ತಿರುಗಿಸಿದೆ. ಚಿಕ್ಕಪ್ಪ ಮಾತ್ರ ನಗಲಿಲ್ಲ. "ಅಂದ್ರೆ, ನೀನು ದಿನಾ ಇಲ್ಲಿಗೆ ಬರ್ತಿದ್ದೆಯಾ?" ಎಂದ, ಕಲೆಯ ವಿಷಯವೇ ಮರೆತವನ ಹಾಗೆ.

ಚಿಕ್ಕಮ್ಮ ಅವನನ್ನು ಪಕ್ಕಕ್ಕೆ ಸರಿಸಿ, ಬಾಣಲೆಯಿಂದ ಒಂದು ಚೂರು ಬಾಯಿಗೆ ಹಾಕಿಕೊಂಡು ಮೂಗು ಮುರಿದಳು. ಬಾಣಲೆಯನ್ನು ಮತ್ತೆ ಒಲೆಯ ಮೇಲಿಟ್ಟು ಸೌಟು ಹಿಡಿದಳು. ಆಮೇಲೆ, ಒಲೆಯಿಂದ ಕಣ್ಣು ತೆಗೆಯದೆ, ಕೈಯನ್ನು ಹಿಂದಕ್ಕೆ ಚಾಚಿದಳು.

"ಉಪ್ಪು!"

ಚಿಕ್ಕಪ್ಪ ಡಬ್ಬಿ ಹುಡುಕಲು ಓಡಿದ ಅವಸರಕ್ಕೆ ಅವನ ಒಂದು ಚಪ್ಪಲಿ ಹಿತ್ತಲಿನಲ್ಲೇ ಉಳಿಯಿತು.